ತಿಂಗಳ ಸಾಮಾನಿನ ಖರ್ಚು ಇಳಿಸುವ ದಾರಿ: ಚೀಟಿ ಬರೆಯುವುದರಿಂದ ಬಿಲ್ ತೆಗೆದಿಡುವವರೆಗೆ

ಮನೆಯ ಖರ್ಚಿನಲ್ಲಿ ಬಾಡಿಗೆ, ಶಾಲೆಯ ಫೀಸು, ಸಾಲದ ಕಂತು ಇವೆಲ್ಲ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ದಿನಸಿ, ತರಕಾರಿ, ಸೋಪು, ಔಷಧಿ, ಹಬ್ಬದ ಸಾಮಾನು, ಎಂದೋ ಒಮ್ಮೆ ಕೊಳ್ಳುವ ಫ್ರಿಜ್ಜು, ಫ್ಯಾನು. ಇಲ್ಲಿ ಉಳಿತಾಯ ಮಾಡಲು ಎರಡೇ ಎರಡು ಸಂಗತಿ ಗೊತ್ತಿರಬೇಕು: ನಮ್ಮ ಮನೆಗೆ ಯಾವುದು ಎಷ್ಟು ಬೇಕು, ಮತ್ತು ಅದರ ನಿಜವಾದ ದರ ಕೆ.ಜಿ.ಗೆ ಎಷ್ಟು. ಇವೆರಡು ತಿಳಿದಿದ್ದರೆ ಯಾವ ಆಫರ್ ಲಾಭದ್ದು, ಯಾವುದು ಬರೀ ಬೋರ್ಡು ಎಂದು ಅಂಗಡಿಯಲ್ಲಿ ನಿಂತಲ್ಲೇ ಹೇಳಬಹುದು. ಮುಂದೆ ಹೇಳಿರುವ ಕ್ರಮವೆಲ್ಲ ಈ ಎರಡರ ಮೇಲೆಯೇ ನಿಂತಿದೆ. ಹಾಗಾಗಿ ಮೊದಲ ಎರಡು ಹೆಜ್ಜೆಗಳನ್ನು ದಯವಿಟ್ಟು ಹಾರಿಸಬೇಡಿ.

ಮೊದಲು ಬಳಕೆಯ ಲೆಕ್ಕ

ಹೊಸ ಪೊಟ್ಟಣ ಒಡೆದು ಡಬ್ಬಿಗೆ ಸುರಿದ ದಿನವೇ ಒಂದು ಚೂರು ಕಾಗದದ ಟೇಪಿನ ಮೇಲೆ ತಾರೀಖು ಮತ್ತು ತೂಕ ಬರೆದು ಡಬ್ಬಿಗೆ ಅಂಟಿಸಿ. ಅದು ಮುಗಿದ ದಿನ ಇನ್ನೊಂದು ತಾರೀಖು ಬರೆಯಿರಿ. ಎರಡು ತಿಂಗಳು ಹೀಗೆ ಮಾಡಿದರೆ ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಕಾಫಿಪುಡಿ, ಬಟ್ಟೆ ಸೋಪಿನ ಪುಡಿ ತಿಂಗಳಿಗೆ ಎಷ್ಟು ಬೇಕೆಂಬುದು ಅಂದಾಜಿಲ್ಲದೆ ಸಿಗುತ್ತದೆ. ಹಬ್ಬ ಬಂದ ತಿಂಗಳು, ನೆಂಟರು ಇದ್ದ ವಾರ, ಮಕ್ಕಳಿಗೆ ಬೇಸಿಗೆ ರಜೆ ಇದ್ದ ದಿನಗಳನ್ನು ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಆ ತಿಂಗಳ ಲೆಕ್ಕವನ್ನೇ ವರ್ಷವಿಡೀ ಹಿಡಿದರೆ ಸಾಮಾನು ಉಳಿದು ಹುಳ ಹಿಡಿಯುತ್ತದೆ.

ಇದರ ಜೊತೆಗೆ ಅಡುಗೆಮನೆಯ ಕಪಾಟನ್ನು ಒಂದು ಸಲ ಪೂರ್ತಿ ಕೆಳಗಿಳಿಸಿ ನೋಡಿ. ಅರ್ಧ ಖಾಲಿಯಾದ ಇಂಗಿನ ಡಬ್ಬಿ ಎರಡು, ಯಾರೋ ಒಳ್ಳೆಯದು ಎಂದರೆಂದು ತಂದ ಓಟ್ಸು, ತಾರೀಖು ಮುಗಿದ ಮಸಾಲೆ ಪುಡಿ ಬಹುತೇಕ ಎಲ್ಲ ಮನೆಗಳಲ್ಲೂ ಸಿಗುತ್ತವೆ. ಇರುವುದು ಕಾಣದೆ ಮತ್ತೆ ತರುವುದೇ ದಿನಸಿಯಲ್ಲಿ ದೊಡ್ಡ ಸೋರಿಕೆ. ಆದ್ದರಿಂದ ಚೀಟಿಯನ್ನು ಸೋಫಾದ ಮೇಲೆ ಕೂತು ಬರೆಯಬೇಡಿ. ಡಬ್ಬಿಗಳ ಎದುರು ನಿಂತು ಒಂದೊಂದರ ಮುಚ್ಚಳ ತೆಗೆದು ನೋಡಿ ಬರೆಯಿರಿ. ಮನೆಯಲ್ಲಿ ಅಡುಗೆ ಮಾಡುವವರು ಯಾರೋ, ಅಂಗಡಿಗೆ ಹೋಗುವವರು ಇನ್ಯಾರೋ ಆಗಿದ್ದರಂತೂ ಚೀಟಿಯಲ್ಲಿ ತೂಕ, ಬ್ರ್ಯಾಂಡು, ಇದಕ್ಕಿಂತ ಹೆಚ್ಚು ದರವಿದ್ದರೆ ಬೇಡ ಎಂಬ ಮಿತಿ ಮೂರೂ ಇರಲಿ.

ದರದ ಪುಸ್ತಕ

ಒಂದು ಸಣ್ಣ ನೋಟುಪುಸ್ತಕ, ಇಲ್ಲವೆ ಫೋನಿನಲ್ಲಿ ಒಂದು ನೋಟ್ ಸಾಕು. ಮನೆಯಲ್ಲಿ ಅತಿ ಹೆಚ್ಚು ಹಣ ಹೋಗುವ ಇಪ್ಪತ್ತು ಸಾಮಾನು ಆರಿಸಿ. ಪ್ರತಿಯೊಂದಕ್ಕೂ ತಾರೀಖು, ಅಂಗಡಿ, ಕೆ.ಜಿ. ಅಥವಾ ಲೀಟರಿನ ದರ ಬರೆಯಿರಿ. ಪೊಟ್ಟಣದ ಬೆಲೆ ಬರೆದರೆ ಉಪಯೋಗವಿಲ್ಲ, ಏಕೆಂದರೆ ಪೊಟ್ಟಣದ ತೂಕವೇ ಬದಲಾಗುತ್ತಿರುತ್ತದೆ.

ಎಣ್ಣೆಯನ್ನೇ ನೋಡಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಎಂದರೆ ಸುಮಾರು 910 ಗ್ರಾಂ. ಅದರ ಪಕ್ಕದಲ್ಲೇ, ಅಷ್ಟೇ ಎತ್ತರ ಕಾಣುವ 840 ಅಥವಾ 870 ಗ್ರಾಮಿನ ಪೌಚುಗಳೂ ಇರುತ್ತವೆ. ಲೆಕ್ಕಕ್ಕೆಂದು 910 ಗ್ರಾಮಿನದಕ್ಕೆ 150 ರೂಪಾಯಿ, 840 ಗ್ರಾಮಿನದಕ್ಕೆ 142 ರೂಪಾಯಿ ಎಂದು ಹಿಡಿಯೋಣ. ಎರಡನೆಯದು 8 ರೂಪಾಯಿ ಕಡಿಮೆ ಎನಿಸುತ್ತದೆ. ಕೆ.ಜಿ.ಗೆ ಇಳಿಸಿದರೆ ಮೊದಲನೆಯದು ಸುಮಾರು 165, ಎರಡನೆಯದು 169. ಕಡಿಮೆ ಬೆಲೆಯ ಪೌಚೇ ತುಟ್ಟಿ. ದೊಡ್ಡ ಡಬ್ಬದಲ್ಲೂ ಇದೇ ಎಚ್ಚರ ಬೇಕು: 15 ಕೆ.ಜಿ. ಡಬ್ಬದಲ್ಲಿ ಸುಮಾರು ಹದಿನಾರೂವರೆ ಲೀಟರ್ ಎಣ್ಣೆ ಇರುತ್ತದೆ, 15 ಲೀಟರ್ ಡಬ್ಬದಲ್ಲಿ ಹದಿಮೂರೂವರೆ ಕೆ.ಜಿ.ಗಿಂತ ತುಸು ಮಾತ್ರ ಹೆಚ್ಚು. ಎರಡರ ದರವನ್ನೂ ಒಂದೇ ಅಳತೆಗೆ ತಂದು ನೋಡದೆ ಹೋಲಿಸಬಾರದು.

ಈ ಲೆಕ್ಕ ಮಾಡಲು ಕಾನೂನೂ ನಮಗೆ ನೆರವಾಗಿದೆ. ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆಯ ಜೊತೆಗೆ ಗ್ರಾಮಿಗೆ ಇಷ್ಟು ಅಥವಾ ಕೆ.ಜಿ.ಗೆ ಇಷ್ಟು ಎಂಬ ಯೂನಿಟ್ ದರವನ್ನೂ ಮುದ್ರಿಸಬೇಕೆಂಬ ನಿಯಮವಿದೆ. ಸಣ್ಣ ಅಕ್ಷರದಲ್ಲಿ, ಹೆಚ್ಚಾಗಿ ತಯಾರಿಕೆಯ ತಾರೀಖಿನ ಹತ್ತಿರ ಇರುತ್ತದೆ. ಆದರೆ ಅದು ಎಂಆರ್‌ಪಿಯ ಮೇಲಿನ ಲೆಕ್ಕ. ಅಂಗಡಿಯವರು ರಿಯಾಯಿತಿ ಕೊಟ್ಟಿದ್ದರೆ ನೀವು ಕೊಡುವ ಹಣವನ್ನು ತೂಕದಿಂದ ಭಾಗಿಸಲೇಬೇಕು.

ಎಂಆರ್‌ಪಿಯ ಮೇಲೆ ಶೇಕಡಾ ಇಷ್ಟು ಕಡಿತ ಎಂಬ ಮಾತಿಗೆ ನಾನಂತೂ ಬೆಲೆಯನ್ನೇ ಕೊಡುವುದಿಲ್ಲ. ಬೇಳೆಕಾಳು, ಗೋಡಂಬಿ, ಬಾದಾಮಿ ಪೊಟ್ಟಣಗಳ ಮೇಲೆ ಎಂಆರ್‌ಪಿಯನ್ನು ಮಾರುಕಟ್ಟೆ ದರಕ್ಕಿಂತ ಎಷ್ಟೋ ಮೇಲೆ ಮುದ್ರಿಸಿರುತ್ತಾರೆ. 260 ಎಂದು ಬರೆದದ್ದನ್ನು 150ಕ್ಕೆ ಕೊಟ್ಟಾಗ ನೀವು ಉಳಿಸಿದ್ದು 110 ಎಂದು ಬಿಲ್ಲಿನ ಕೆಳಗೆ ಬರುತ್ತದೆ. ಅದೇ ಬೇಳೆ ಬೀದಿ ಕೊನೆಯ ದಿನಸಿ ಅಂಗಡಿಯಲ್ಲಿ 145 ಇದ್ದರೆ ಉಳಿದದ್ದೇನು? ನಿಮ್ಮ ಪುಸ್ತಕದಲ್ಲಿರುವ ಹೋದ ತಿಂಗಳ ದರದೊಡನೆ ಹೋಲಿಸಿದಾಗ ಇಳಿದಿದ್ದರೆ ಅದು ಉಳಿತಾಯ. ಬೇರೆ ಯಾವ ಅಂಕಿಯೂ ಅಲ್ಲ.

ಚೀಟಿಯನ್ನು ಮೂರು ಮಾಡಿ

ಎಲ್ಲ ಸಾಮಾನನ್ನೂ ಒಂದೇ ಕಡೆ, ಒಂದೇ ದಿನ ಕೊಂಡರೆ ಎಲ್ಲೋ ಕಳೆದುಕೊಳ್ಳುತ್ತೇವೆ. ವರ್ಷಕ್ಕೊಮ್ಮೆ ಕೊಳ್ಳುವುದು, ತಿಂಗಳಿಗೊಮ್ಮೆ ಕೊಳ್ಳುವುದು, ವಾರಕ್ಕೊಮ್ಮೆ ಕೊಳ್ಳುವುದು ಎಂದು ಮೂರು ಚೀಟಿ ಮಾಡಿಕೊಳ್ಳಿ. ಇವುಗಳಲ್ಲಿ ಅತಿ ಹೆಚ್ಚು ಲಾಭ ಇರುವುದು ಮೊದಲನೆಯದರಲ್ಲಿ. ನಮ್ಮ ಅಜ್ಜಿಯರ ಕಾಲದಲ್ಲಿ ಪ್ರತಿ ಮನೆಯಲ್ಲೂ ಇದ್ದ ಈ ಪದ್ಧತಿ ಊರು ಬಿಟ್ಟು ಬಂದ ಮನೆಗಳಲ್ಲಿ ಮರೆಯಾಗುತ್ತಿದೆ. ಅದನ್ನು ಉಳಿಸಿಕೊಳ್ಳಬೇಕೆಂಬುದು ನನ್ನ ಒತ್ತಾಯ.

ವರ್ಷದ ಸಾಮಾನು: ಸುಗ್ಗಿಯಲ್ಲಿ ಕೊಳ್ಳಿ

ತೊಗರಿ ಬೇಳೆಗೆ ಕಲಬುರಗಿ ಕಡೆಯ ಹೊಸ ಬೆಳೆ ಸಂಕ್ರಾಂತಿಯ ಆಸುಪಾಸಿನಲ್ಲಿ ಬರುತ್ತದೆ. ಹೊಸ ಬೇಳೆ ಮಾರುಕಟ್ಟೆಗೆ ಚೆನ್ನಾಗಿ ಇಳಿದ ಮೇಲೆ, ಅಂದರೆ ಫೆಬ್ರವರಿ, ಮಾರ್ಚಿನಲ್ಲಿ ಕೊಳ್ಳುವುದು ಒಳ್ಳೆಯದು. ತಂದ ಬೇಳೆಯನ್ನು ಬಿಸಿಲಿಗೆ ಹರವಿ, ಆರಿಸಿ, ಕೆ.ಜಿ.ಗೆ ಒಂದು ಸಣ್ಣ ಚಮಚ ಹರಳೆಣ್ಣೆ ಸವರಿ ಡಬ್ಬಿಗೆ ತುಂಬಿದರೆ ಹುಳ ಬೀಳದೆ ನಿಲ್ಲುತ್ತದೆ. ಬೇಯಿಸುವ ಮುಂಚೆ ಬಿಸಿನೀರಿನಲ್ಲಿ ಎರಡು ಸಲ ತೊಳೆದರೆ ಎಣ್ಣೆಯ ವಾಸನೆ ಹೋಗುತ್ತದೆ. ಬಿಳಿಜೋಳ ತಿನ್ನುವ ಮನೆಯವರು ಹಿಂಗಾರಿ ಜೋಳ ಬಂದಾಗ, ಶಿವರಾತ್ರಿಯಿಂದ ಯುಗಾದಿಯೊಳಗೆ ನೋಡಿಕೊಳ್ಳಿ. ರಾಗಿಯಂತೂ ಕಟ್ಟಿಟ್ಟರೆ ವರ್ಷಗಟ್ಟಲೆ ಕೆಡದ ಧಾನ್ಯ. ಕೊಯ್ಲು ಮುಗಿದು ಕಣದಿಂದ ಮಾರುಕಟ್ಟೆಗೆ ಬರುವ ಡಿಸೆಂಬರ್, ಜನವರಿಯಲ್ಲಿ ಕಾಳು ತಂದಿಟ್ಟು, ತಿಂಗಳಿಗೆ ಬೇಕಾದಷ್ಟನ್ನೇ ಮಿಲ್ಲಿನಲ್ಲಿ ಬೀಸಿಸಿ. ಹಿಟ್ಟು ಹೆಚ್ಚು ದಿನ ಇಟ್ಟರೆ ಮುಗ್ಗಲು ಬರುತ್ತದೆ, ಕಾಳಿಗೆ ಆ ಭಯವಿಲ್ಲ.

ಒಣಮೆಣಸಿನಕಾಯಿ ಜನವರಿಯಿಂದ ಮಾರ್ಚಿನವರೆಗೆ ಬ್ಯಾಡಗಿ ಮಾರುಕಟ್ಟೆಗೆ ಹೊಸದಾಗಿ ಬರುತ್ತದೆ, ಅಲ್ಲಿಂದ ಎಲ್ಲ ಊರಿಗೂ ಹೋಗುತ್ತದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಮನೆಯ ಖಾರಕ್ಕೆ ತಕ್ಕಂತೆ ಎರಡನ್ನೂ ಬೆರೆಸಿದರೆ ಬರೀ ಬ್ಯಾಡಗಿ ಕೊಂಡಷ್ಟು ಖರ್ಚಾಗುವುದಿಲ್ಲ. ಕೊಳ್ಳುವಾಗ ಮೂಟೆಯ ಮೇಲಿನದನ್ನು ಬಿಟ್ಟು ಒಳಗೆ ಕೈ ಹಾಕಿ ಹಿಡಿ ತುಂಬ ತೆಗೆಯಿರಿ. ಒಂದನ್ನು ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು. ಕೈಗೆ ತಣ್ಣಗೆ, ಮೆತ್ತಗೆ ಹತ್ತಿದರೆ ಅದರಲ್ಲಿ ನೀರಿನಂಶವಿದೆ. ಅಂಥದ್ದನ್ನು ಕೊಂಡರೆ ನೀರಿಗೂ ಮೆಣಸಿನಕಾಯಿಯ ದರ ಕೊಟ್ಟಂತೆ, ಜೊತೆಗೆ ಬೂಷ್ಟು ಬರುವ ಅಪಾಯ. ತೊಟ್ಟಿನ ಹತ್ತಿರ ಬಿಳಿಚಿಕೊಂಡು ಬಣ್ಣ ಮಂಕಾಗಿದ್ದರೆ ಹಳೆಯ ದಾಸ್ತಾನಿರಬಹುದು. ತಂದ ಮೇಲೆ ಎರಡು ದಿನ ತಾರಸಿಯ ಬಿಸಿಲಿನಲ್ಲಿ ಒಣಗಿಸಿ, ಧನಿಯ, ಜೀರಿಗೆ, ಮೆಂತ್ಯ ಹುರಿದು ಸಾರಿನ ಪುಡಿ ಮಾಡಿಸಿಟ್ಟುಕೊಂಡರೆ, ನೂರು ಗ್ರಾಮಿನ ಪೊಟ್ಟಣಗಳಲ್ಲಿ ವರ್ಷವಿಡೀ ಕೊಳ್ಳುವ ಪುಡಿಗೆ ಹೋಗುವ ಹಣ ಉಳಿಯುತ್ತದೆ. ಪೊಟ್ಟಣದ ಪುಡಿಯ ದರವನ್ನು ಕೆ.ಜಿ.ಗೆ ಇಳಿಸಿ ನೋಡಿ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಹುಣಸೆಹಣ್ಣು ಶಿವರಾತ್ರಿಯ ಹೊತ್ತಿಗೆ ಹೊಸದು. ಬೀಜ, ನಾರು ತೆಗೆದದ್ದಕ್ಕೂ ತೆಗೆಯದ್ದಕ್ಕೂ ದರದಲ್ಲಿ ಬಹಳ ಅಂತರ. ಅರ್ಧ ಕೆ.ಜಿ. ಬೀಜದ ಹಣ್ಣು ತಂದು, ಬಿಡಿಸಿ, ಉಳಿದ ತಿರುಳನ್ನು ತೂಗಿ ನೋಡಿದ ಮೇಲೆಯೇ ನಿಮ್ಮ ಊರಿನಲ್ಲಿ ಯಾವುದು ಅಗ್ಗ ಎಂದು ತೀರ್ಮಾನಿಸಿ. ಬಿಡಿಸಲು ಹೋಗುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಲ್ಲುಪ್ಪು ಬೆರೆಸಿ ಜಾಡಿಯಲ್ಲಿ ತುಂಬಿದರೆ ಮುಂದಿನ ಸುಗ್ಗಿಯವರೆಗೂ ಬರುತ್ತದೆ. ಬಣ್ಣ ಕಪ್ಪಾಗುತ್ತದೆ, ಅದು ಕೆಟ್ಟದ್ದರ ಗುರುತಲ್ಲ.

ಅಕ್ಕಿಯ ವಿಷಯವೇ ಬೇರೆ. ಹೊಸ ಅಕ್ಕಿ ಅಗ್ಗ, ಆದರೆ ಅನ್ನ ಮುದ್ದೆಯಾಗುತ್ತದೆ, ಒದಗುವುದೂ ಇಲ್ಲ. ಹಳೆಯ ಸೋನಾ ಮಸೂರಿ ಒಂದು ಪಾವು ಹಾಕಿದರೆ ಪಾತ್ರೆ ತುಂಬುತ್ತದೆ. ಆದ್ದರಿಂದ ಅಕ್ಕಿಯ ದರವನ್ನು ಅನ್ನದ ಲೆಕ್ಕದಲ್ಲಿ ನೋಡಬೇಕು: ಮೂಟೆ ತರುವ ಮುಂಚೆ ಒಂದು ಕೆ.ಜಿ. ತಂದು, ಮನೆಯವರೆಲ್ಲರ ಊಟಕ್ಕೆ ಎಷ್ಟು ಅಳತೆ ಬೇಕಾಯಿತೆಂದು ನೋಡಿ. ಹೊಸ ಅಕ್ಕಿಯನ್ನು ಅಗ್ಗದಲ್ಲಿ ಕೊಂಡು ಆರು ತಿಂಗಳು ಹಳೆಯದಾಗಲು ಬಿಡುವಷ್ಟು ಒಣ ಜಾಗವಿದ್ದರೆ ಇನ್ನೂ ಒಳ್ಳೆಯದು. ಮೂಟೆಯ ತೂಕವನ್ನೂ ಗಮನಿಸಿ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ. 5 ಜಿಎಸ್‌ಟಿ ಬಂತು. 25 ಕೆ.ಜಿ. ದಾಟಿದ ಮೂಟೆಗೂ ಅಂಗಡಿಯಲ್ಲಿ ತೂಗಿ ಕೊಡುವ ಬಿಡಿ ಸಾಮಾನಿಗೂ ಆ ತೆರಿಗೆ ಇಲ್ಲ. ಆ ಮೇಲೆಯೇ ಅಂಗಡಿಗಳಲ್ಲಿ 26 ಕೆ.ಜಿ. ಅಕ್ಕಿ ಮೂಟೆಗಳು ಕಾಣಿಸಿಕೊಂಡದ್ದು. ಹಾಗಾಗಿ 25ರ ಮೂಟೆಗೂ 26ರ ಮೂಟೆಗೂ ಒಟ್ಟು ಬೆಲೆ ಹೋಲಿಸದೆ ಕೆ.ಜಿ. ದರ ಕೇಳಿ. ರೇಷನ್ ಕಾರ್ಡಿನ ಅಕ್ಕಿ ಬರುವ ಮನೆಯಲ್ಲಿ ಅನ್ನಕ್ಕೆ ಅದು ರುಚಿಸದಿದ್ದರೂ ದೋಸೆ, ಇಡ್ಲಿ, ರೊಟ್ಟಿಗೆ ಚೆನ್ನಾಗಿಯೇ ಆಗುತ್ತದೆ. ಅಷ್ಟರ ಮಟ್ಟಿಗೆ ಹೊರಗಿನ ಅಕ್ಕಿ ಕಡಿಮೆ ತಂದರಾಯಿತು.

ಎರಡು ಷರತ್ತು. ವರ್ಷದ ಸಾಮಾನಿಗಾಗಿ ಸಾಲ ಮಾಡಬೇಡಿ, ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಮುಂದಿನ ತಿಂಗಳಿಗೆ ತಳ್ಳಬೇಡಿ. ಆ ಬಡ್ಡಿ ಸುಗ್ಗಿಯ ಲಾಭವನ್ನೆಲ್ಲ ತಿಂದುಹಾಕುತ್ತದೆ. ಸಂಕ್ರಾಂತಿಯ ಸಾಮಾನಿಗೆಂದು ದೀಪಾವಳಿಯಿಂದಲೇ ತಿಂಗಳು ತಿಂಗಳು ಸ್ವಲ್ಪ ತೆಗೆದಿಡಿ. ಇನ್ನು, ಮನೆ ಸಣ್ಣದಾಗಿದ್ದರೆ ಒಂದೇ ಕಟ್ಟಡದ ಮೂರು ನಾಲ್ಕು ಮನೆಯವರು ಸೇರಿ 50 ಕೆ.ಜಿ. ಸಕ್ಕರೆ, ಒಂದು ಮೂಟೆ ಬೇಳೆ ತಂದು ಹಂಚಿಕೊಳ್ಳಬಹುದು. ಹಂಚುವ ದಿನ ತಕ್ಕಡಿ ಎಲ್ಲರ ಎದುರಿಗಿರಲಿ, ಹಣ ಮೊದಲೇ ಸೇರಿರಲಿ. ನೆರೆಹೊರೆಯ ಸ್ನೇಹಕ್ಕೂ ಅದೇ ಒಳ್ಳೆಯದು.

ತಿಂಗಳ ಸಾಮಾನು: ಯಾವ ಅಂಗಡಿಯಲ್ಲಿ ಯಾವುದು

ದರದ ಪುಸ್ತಕ ಎರಡು ತಿಂಗಳು ತುಂಬಿದ ಮೇಲೆ ಒಂದು ಚಿತ್ರ ಮೂಡುತ್ತದೆ. ಸಾಮಾನ್ಯವಾಗಿ ಬ್ರ್ಯಾಂಡಿನ ಸೋಪು, ಟೂತ್‌ಪೇಸ್ಟು, ಬಟ್ಟೆಯ ಪುಡಿ, ಎಣ್ಣೆ ದೊಡ್ಡ ಮಾರ್ಟುಗಳಲ್ಲಿ ಅಗ್ಗ. ಬೇಳೆ, ಬೆಲ್ಲ, ಸಾಂಬಾರ ಪದಾರ್ಥ ಪೇಟೆಯ ಹೋಲ್‌ಸೇಲ್ ಅಂಗಡಿಯಲ್ಲಿ ಅಗ್ಗ, ಗುಣವನ್ನು ಕೈಯಲ್ಲಿ ಮುಟ್ಟಿಯೂ ನೋಡಬಹುದು. ಬೆಂಗಳೂರಿನವರಿಗೆ ಯಶವಂತಪುರ ಎಪಿಎಂಸಿ ಯಾರ್ಡಿನ ಅಂಗಡಿಗಳಿವೆ, ಬೇರೆ ಊರುಗಳಲ್ಲೂ ಎಪಿಎಂಸಿಯ ಸುತ್ತ ಬಿಡಿ ಗಿರಾಕಿಗೆ ಕೊಡುವವರು ಇದ್ದೇ ಇರುತ್ತಾರೆ. ಹೋಗಿಬರುವ ಆಟೋ ಬಾಡಿಗೆ, ಪೆಟ್ರೋಲನ್ನು ಲೆಕ್ಕಕ್ಕೆ ಸೇರಿಸಿ. ಐದು ಕೆ.ಜಿ. ಬೇಳೆಗಾಗಿ ಊರಾಚೆ ಹೋಗುವುದು ದಂಡ.

ಮನೆ ಹತ್ತಿರದ ದಿನಸಿ ಅಂಗಡಿಯನ್ನು ಕೈಬಿಡಬೇಡಿ ಎನ್ನುತ್ತೇನೆ. ಅಲ್ಲಿ ಐವತ್ತು ಗ್ರಾಂ ಗಸಗಸೆ ಬೇಕಿದ್ದರೆ ಐವತ್ತೇ ಗ್ರಾಂ ಸಿಗುತ್ತದೆ, ಬೇಳೆ ಚೆನ್ನಾಗಿಲ್ಲದಿದ್ದರೆ ವಾಪಸು ತೆಗೆದುಕೊಳ್ಳುತ್ತಾರೆ. ತಿಂಗಳ ಚೀಟಿ ಪೂರ್ತಿ ಕೊಟ್ಟು, “ಅಣ್ಣ, ಇಷ್ಟೂ ನಿಮ್ಮ ಹತ್ತಿರಾನೇ ತಗೋತೀನಿ, ಒಟ್ಟಿಗೆ ಎಷ್ಟು ಕಡಿಮೆ ಮಾಡ್ತೀರಿ?” ಎಂದು ನೇರವಾಗಿ ಕೇಳಿ. ಕೇಳುವುದರಲ್ಲಿ ನಾಚಿಕೆಯೇನಿಲ್ಲ, ಕೈಯಲ್ಲಿ ಹಣ ಕೊಡುವ ಗಿರಾಕಿಗೆ ಬಹಳ ಅಂಗಡಿಯವರು ಎಷ್ಟೋ ಇಳಿಸುತ್ತಾರೆ. ಖಾತೆಯಲ್ಲಿ ಬರೆಸುವ ಅಭ್ಯಾಸವಿದ್ದರೆ ಆಗ ದರ ಕೇಳುವ ಧೈರ್ಯ ಇರುವುದಿಲ್ಲ, ಆದ್ದರಿಂದ ಸಾಧ್ಯವಾದಷ್ಟು ಬೇಗ ಆ ಖಾತೆ ಮುಗಿಸಿಕೊಳ್ಳಿ.

ಹತ್ತು ನಿಮಿಷದಲ್ಲಿ ತಂದುಕೊಡುವ ಆ್ಯಪುಗಳಲ್ಲಿ ಕೆಲವು ಸಾಮಾನು ನಿಜವಾಗಿ ಅಗ್ಗವೇ ಇರುತ್ತದೆ. ತೊಂದರೆ ಇರುವುದು ಎಷ್ಟು ಸಲ ಆರ್ಡರ್ ಮಾಡುತ್ತೇವೆ ಎಂಬುದರಲ್ಲಿ. ಕೊತ್ತಂಬರಿ ಸೊಪ್ಪಿಗೆಂದು ತೆರೆದರೆ ಉಚಿತ ಡೆಲಿವರಿಯ ಮೊತ್ತ ತಲುಪಿಸಲು ಚಿಪ್ಸು, ಬಿಸ್ಕತ್ತು ಸೇರುತ್ತವೆ. ಅದರ ಮೇಲೆ ಹ್ಯಾಂಡ್ಲಿಂಗ್ ಶುಲ್ಕ, ಸಣ್ಣ ಆರ್ಡರಿನ ಶುಲ್ಕ, ಮಳೆಯ ಶುಲ್ಕ. ಆ್ಯಪಿನಲ್ಲಿ ಹಳೆಯ ಆರ್ಡರುಗಳನ್ನು ತೆರೆದು, ಒಂದು ತಿಂಗಳಲ್ಲಿ ಬರೀ ಶುಲ್ಕಕ್ಕೆ ಹೋದದ್ದನ್ನು ಒಮ್ಮೆ ಕೂಡಿಸಿ ನೋಡಿ. ಆಮೇಲೆ ಒಂದು ನಿಯಮ ಮಾಡಿಕೊಳ್ಳಿ: ಬೇಕೆನಿಸಿದ್ದನ್ನು ಕಾರ್ಟಿಗೆ ಹಾಕಿ, ಆರ್ಡರ್ ಮಾತ್ರ ವಾರಕ್ಕೆ ಒಂದೇ ದಿನ. ಹಣ ಕೊಡುವ ಮುಂಚಿನ ಪರದೆಯಲ್ಲಿ ನಾವು ಕೇಳದ ದೇಣಿಗೆ, ವಿಮೆ, ಟಿಪ್ಪು, ಸದಸ್ಯತ್ವ ತಾನಾಗಿ ಸೇರಿದೆಯೇ ನೋಡಿ. ಹೀಗೆ ಕದ್ದು ಸೇರಿಸುವುದನ್ನು 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ನಿಷೇಧಿಸಿದೆ. ಅಂಥ 13 ಬಗೆಯ ಮೋಸದ ವಿನ್ಯಾಸಗಳ ಪಟ್ಟಿ ಅದರಲ್ಲಿದೆ.

ಸೋಪಿನ ಬಗ್ಗೆ ಒಂದು ಮಾತು. ಸ್ನಾನದ ಸೋಪಿನ ಹೊದಿಕೆಯ ಮೇಲೆ ಟಿಎಫ್‌ಎಂ, ಅಂದರೆ ಸೋಪಿನಲ್ಲಿರುವ ಒಟ್ಟು ಕೊಬ್ಬಿನಂಶ, ಎಂದು ಶೇಕಡಾವಾರು ಬರೆದಿರುತ್ತಾರೆ. 76 ಮತ್ತು ಮೇಲಿದ್ದರೆ ಮೊದಲ ದರ್ಜೆ, 70ರ ಮೇಲಿದ್ದರೆ ಎರಡನೆಯದು, 60ರ ಮೇಲೆ ಮೂರನೆಯದು. ಅದಕ್ಕಿಂತ ಕಡಿಮೆ ಇರುವವು ಸಾಮಾನ್ಯವಾಗಿ ‘ಬೇಥಿಂಗ್ ಬಾರ್’ ಎಂಬ ಹೆಸರಿನಲ್ಲಿ ಬರುತ್ತವೆ. ದರ್ಜೆ ಹೆಚ್ಚಿದಷ್ಟೂ ಸೋಪು ಬೇಗ ಕರಗುವುದಿಲ್ಲ. ಹಾಗಾಗಿ ಕಾಲು ಭಾಗ ಹೆಚ್ಚು ಕೊಟ್ಟರೂ ಅದೇ ಅಗ್ಗ ಬೀಳಬಹುದು. ಐದು, ಹತ್ತು ರೂಪಾಯಿಯ ಪೊಟ್ಟಣಗಳಲ್ಲಿ ಬೆಲೆ ಹಾಗೇ ಇದ್ದು ತೂಕ ಇಳಿಯುವುದು ಮಾಮೂಲು. ಬಿಸ್ಕತ್ತು, ಚಹಾಪುಡಿ, ಸೋಪಿನಲ್ಲಿ ಆರು ತಿಂಗಳಿಗೊಮ್ಮೆ ತೂಕವನ್ನು ಮತ್ತೆ ಓದಿ. ಕಾಫಿಪುಡಿಯ ಪೊಟ್ಟಣದಲ್ಲಿ ಚಿಕೋರಿಯ ಪ್ರಮಾಣ ನೋಡದೆ ದರ ಹೋಲಿಸಬೇಡಿ. ಶೇ. 49ರವರೆಗೂ ಚಿಕೋರಿ ಬೆರೆಸಲು ಅವಕಾಶವಿದೆ. ಇಷ್ಟಕ್ಕಿಷ್ಟೇ ಎಂದು ಹೇಳಿ ಎದುರಿಗೆ ಪುಡಿ ಮಾಡಿಸಿಕೊಳ್ಳುವ ಅಂಗಡಿ ಹತ್ತಿರವಿದ್ದರೆ ಅದೇ ಸರಿ.

ವಾರದ ತರಕಾರಿ, ಹಬ್ಬದ ಹೂವು ಹಣ್ಣು

ತರಕಾರಿಯಲ್ಲಿ ದುಡ್ಡು ಉಳಿಸುವುದು ಚೌಕಾಸಿಯಿಂದಲ್ಲ, ಏನು ಅಡುಗೆ ಎಂದು ಮನೆಯಲ್ಲಿ ಮೊದಲೇ ಪಟ್ಟು ಹಿಡಿಯದೆ ಹೋಗುವುದರಿಂದ. ಆ ವಾರ ಯಾವುದು ಹೇರಳವಾಗಿ ಬಂದಿದೆಯೋ ಅದನ್ನು ಕೊಂಡು ಅಡುಗೆ ತೀರ್ಮಾನಿಸಿ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ ರಾಶಿ ಬಿದ್ದಿರುವಾಗ ಬೀನ್ಸ್ ಹುಡುಕಬೇಕಿಲ್ಲ. 2023ರ ಜುಲೈನಲ್ಲಿ ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿದಾಗ ಹುಣಸೆ ರಸದಲ್ಲಿ ಸಾರು ಮಾಡಿದ ಮನೆಗಳು ಏನನ್ನೂ ಕಳೆದುಕೊಳ್ಳಲಿಲ್ಲ. ಮುಂಗಾರಿನ ಹೊತ್ತಿಗೆ ಟೊಮೆಟೊ, ಮಳೆ ಕೆಟ್ಟ ವರ್ಷ ದಸರಾದಿಂದಾಚೆ ಈರುಳ್ಳಿ ಏರುವುದು ಮತ್ತೆ ಮತ್ತೆ ನಡೆಯುವ ಸಂಗತಿ. ಬೇಸಿಗೆಯಲ್ಲಿ ಗಟ್ಟಿ ಈರುಳ್ಳಿ ತಂದು ಗಾಳಿಯಾಡುವ ಬುಟ್ಟಿಯಲ್ಲಿ ಹರವಿಟ್ಟರೆ ಕೆಲವು ವಾರಗಳ ಏರಿಕೆಯನ್ನು ದಾಟಬಹುದು.

ದರ ಸರಿಯಿದೆಯೇ ಎಂದು ನೋಡಲು ಹಾಪ್‌ಕಾಮ್ಸ್ ಮಳಿಗೆ ಒಳ್ಳೆಯ ಅಳತೆಗೋಲು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಈ ಸಂಸ್ಥೆ ದಿನದ ದರವನ್ನು ಬೋರ್ಡಿನಲ್ಲಿ ಬರೆಯುತ್ತದೆ. ಅಲ್ಲೇ ಕೊಳ್ಳದಿದ್ದರೂ ತಳ್ಳುಗಾಡಿಯವರು ಹೇಳುವ ದರ ಅದಕ್ಕಿಂತ ಎಷ್ಟು ಮೇಲಿದೆ ಎಂಬುದು ತಿಳಿಯುತ್ತದೆ. ಬಿಸಿಲಿನಲ್ಲಿ ಗಾಡಿ ತಳ್ಳಿಕೊಂಡು ಮನೆ ಬಾಗಿಲಿಗೆ ಬರುವವರೊಡನೆ ಎರಡು ರೂಪಾಯಿಗೆ ಜಗ್ಗಾಡಬೇಡಿ. ಸಂತೆಗೆ ಸಂಜೆ ಹೋದರೆ ದರ ತಾನಾಗಿಯೇ ಇಳಿದಿರುತ್ತದೆ, ಸೊಪ್ಪು ಮಾತ್ರ ಆ ಹೊತ್ತಿಗೆ ಬಾಡಿರುತ್ತದೆ.

ಹಬ್ಬದ ಮುನ್ನಾದಿನ ಪೇಟೆಗೆ ಹೋಗುವವರು ಅತಿ ಹೆಚ್ಚು ಬೆಲೆ ಕೊಡುತ್ತಾರೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಕನಕಾಂಬರ, ಮಲ್ಲಿಗೆ ದರ ಆಕಾಶಕ್ಕೇರುವುದು ಎಲ್ಲರಿಗೂ ಗೊತ್ತು. ಅವನ್ನು ಮುಂಚೆ ತಂದಿಡಲಾಗದು ನಿಜ, ಆದರೆ ಸೇವಂತಿಗೆ ಎರಡು ಮೂರು ದಿನ ತಾಳುತ್ತದೆ. ಅಲಂಕಾರಕ್ಕೆ ಸೇವಂತಿಗೆ ಮೊದಲೇ ತಂದು, ದೇವಿಗೆ ಮುಡಿಸಲು ಮಾತ್ರ ಒಂದು ಮೊಳ ಮಲ್ಲಿಗೆ ಅವತ್ತೇ ಕೊಳ್ಳಿ. ಬಾಳೆಹಣ್ಣನ್ನು ನಾಲ್ಕು ದಿನ ಮುಂಚೆ ದೋರೆಗಾಯಿ ತಂದರೆ ಹಬ್ಬಕ್ಕೆ ಸರಿಯಾಗಿ ಹಣ್ಣಾಗುತ್ತದೆ. ತೆಂಗಿನಕಾಯಿ ಎರಡು ವಾರ ಮುಂಚೆಯೇ ಬರಲಿ, ಜುಟ್ಟು ಮೇಲಾಗಿ ನಿಲ್ಲಿಸಿಡಿ. ಬೆಲ್ಲ, ಕೊಬ್ಬರಿ, ಅರಿಶಿನ ಕುಂಕುಮ, ರವಿಕೆ ಬಟ್ಟೆಗಳನ್ನು ಆಷಾಢದಲ್ಲೇ ಮುಗಿಸಿಬಿಡಿ. ಸೀರೆ ಅಂಗಡಿಗಳೂ ಆಷಾಢದ ಸೇಲ್ ಹಾಕುವುದು ಆಗಲೇ. ಉಡುಗೊರೆಗೆ ಬೇಕಾದ ಸೀರೆ ಎಷ್ಟೆಂದು ಬರೆದುಕೊಂಡು ಹೋದರೆ ಲಾಭ, ಸುಮ್ಮನೆ ನೋಡಲು ಹೋದರೆ ನಷ್ಟ.

ಔಷಧಿ ಮತ್ತು ಶಾಲೆಯ ಸಾಮಾನು

ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತಿಂಗಳು ತಿಂಗಳು ಬೇಕಾದ ಮನೆಗಳಲ್ಲಿ ಇದು ದಿನಸಿಯಷ್ಟೇ ದೊಡ್ಡ ಖರ್ಚು. ಜನೌಷಧಿ ಕೇಂದ್ರಗಳಲ್ಲಿ ಜೆನೆರಿಕ್ ಮಾತ್ರೆಗಳು ಬ್ರ್ಯಾಂಡಿನ ಅರ್ಧ ಬೆಲೆಗೆ, ಎಷ್ಟೋ ಸಲ ಅದಕ್ಕೂ ಬಹಳ ಕಡಿಮೆಗೆ ಸಿಗುತ್ತವೆ. ವೈದ್ಯರನ್ನು ಕಂಡಾಗ, “ಡಾಕ್ಟ್ರೇ, ಇದರ ಜೆನೆರಿಕ್ ಹೆಸರು ಬರೆದುಕೊಡಿ” ಎಂದು ಕೇಳಿ. ಅವರನ್ನು ಕೇಳದೆ ನೀವಾಗಿ ಮಾತ್ರೆ ಬದಲಿಸಬೇಡಿ. ಎರಡು ಔಷಧಿ ಕೂಡಿರುವ ಮಾತ್ರೆಗಳಲ್ಲಿ ಪ್ರಮಾಣ ಒಂದೇ ಇದೆಯೇ ಎಂದು ಅವರೇ ಹೇಳಬೇಕು.

ಶಾಲೆಯ ನೋಟುಪುಸ್ತಕವನ್ನು ಮೇ ತಿಂಗಳ ನಡುವೆಯೇ ಡಜನ್ ಲೆಕ್ಕದಲ್ಲಿ ಕೊಳ್ಳಿ, ಪುಟಗಳ ಸಂಖ್ಯೆ ನೋಡಿ ಹೋಲಿಸಿ. 2025ರ ಸೆಪ್ಟೆಂಬರ್ 22ರಿಂದ ನೋಟುಪುಸ್ತಕ, ಪೆನ್ಸಿಲ್, ರಬ್ಬರಿಗೆ ಜಿಎಸ್‌ಟಿ ಇಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪಠ್ಯಪುಸ್ತಕ, ಪಿಯುಸಿ ಗೈಡುಗಳು ಸಿಗುತ್ತವೆ. ಮುದ್ರಣದ ವರ್ಷ ನೋಡಿ ತೆಗೆದುಕೊಳ್ಳಿ.

ಫ್ರಿಜ್ಜು, ಫ್ಯಾನು, ಎಸಿ: ಎರಡು ಬೆಲೆ ನೋಡಿ

ಕರೆಂಟಿನ ಉಪಕರಣಕ್ಕೆ ಅಂಗಡಿಯಲ್ಲಿ ಕೊಡುವ ಬೆಲೆ ಒಂದು, ಹತ್ತು ವರ್ಷ ಬಿಲ್ಲಿನಲ್ಲಿ ಕೊಡುವ ಬೆಲೆ ಇನ್ನೊಂದು. ಫ್ರಿಜ್ಜಿನ ಸ್ಟಾರ್ ಲೇಬಲ್ಲಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಎರಡು ಮಾಡೆಲ್ಲುಗಳ ನಡುವೆ 80 ಯೂನಿಟ್ ವ್ಯತ್ಯಾಸವಿದ್ದು, ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ವರ್ಷಕ್ಕೆ 480 ರೂಪಾಯಿ. ಹೆಚ್ಚು ಸ್ಟಾರಿನದು 5,000 ರೂಪಾಯಿ ಹೆಚ್ಚಿದ್ದರೆ ಆ ಹಣ ವಾಪಸು ಬರಲು ಹತ್ತು ವರ್ಷ ದಾಟುತ್ತದೆ. 2,000 ಹೆಚ್ಚಿದ್ದರೆ ಧಾರಾಳವಾಗಿ ಕೊಡಬಹುದು. ಸ್ಟಾರ್ ಮಾನದಂಡ ಆಗಾಗ ಬಿಗಿಯಾಗುವುದರಿಂದ ಲೇಬಲ್ಲಿನ ಮೇಲಿನ ವರ್ಷವನ್ನೂ ನೋಡಿ. ಹಳೆಯ ಲೇಬಲ್ಲಿನ ಐದು ಸ್ಟಾರ್ ಹೊಸದರ ನಾಲ್ಕಕ್ಕೆ ಸಮವಾಗಿರಬಹುದು.

ಕರ್ನಾಟಕದಲ್ಲಿ ಈ ಲೆಕ್ಕಕ್ಕೆ ಗೃಹಜ್ಯೋತಿಯನ್ನೂ ಸೇರಿಸಬೇಕು. ಹಿಂದಿನ ಸರಾಸರಿ ಬಳಕೆಗೆ ಶೇ. 10 ಕೂಡಿಸಿದ ಮಿತಿಯೊಳಗಿದ್ದರೆ ಬಿಲ್ ಇಲ್ಲ, ಅದನ್ನು ದಾಟಿದರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ಹಣ, ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಿಮ್ಮ ಬಳಕೆ 190ರ ಆಸುಪಾಸಿನಲ್ಲಿದ್ದರೆ ಒಂದೊಂದು ಯೂನಿಟ್ಟೂ ಮುಖ್ಯ. ಅಂಥ ಮನೆಗೆ ನಾನು ಮೊದಲು ಹೇಳುವುದು ಫ್ಯಾನು ಬದಲಿಸಲು. ಹಳೆಯ ಫ್ಯಾನು ಸುಮಾರು 75 ವ್ಯಾಟ್ ತಿಂದರೆ ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ ಫ್ಯಾನಿಗೆ 30ರ ಸುತ್ತಮುತ್ತ ಸಾಕು. ದಿನಕ್ಕೆ ಹತ್ತು ಗಂಟೆ ತಿರುಗಿದರೆ ಒಂದು ಫ್ಯಾನಿನಿಂದಲೇ ತಿಂಗಳಿಗೆ ಹದಿಮೂರು ಯೂನಿಟ್ ಉಳಿಯುತ್ತದೆ.

ತೆರಿಗೆ ಇಳಿದಿದೆ, ಅದಕ್ಕೇ ಈ ರಿಯಾಯಿತಿ ಎಂದು ಹೇಳಿದರೆ ಯಾವ ವಸ್ತುವಿಗೆ ಎಂದು ಕೇಳಿ. 2025ರ ಸೆಪ್ಟೆಂಬರಿನಲ್ಲಿ ಎಸಿ, ಡಿಶ್‌ವಾಷರ್, 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಫ್ರಿಜ್ಜು, ವಾಷಿಂಗ್ ಮಷೀನು ಅದಕ್ಕೆ ಮೊದಲೇ 18ರಲ್ಲಿದ್ದವು.

‘ನೋ ಕಾಸ್ಟ್ ಇಎಂಐ’ ಎಂದರೆ ಬಡ್ಡಿಯೇ ಇಲ್ಲವೆಂದಲ್ಲ. ಬಡ್ಡಿಯಷ್ಟು ಮೊತ್ತವನ್ನು ಮೊದಲೇ ರಿಯಾಯಿತಿಯಾಗಿ ತೋರಿಸಿರುತ್ತಾರೆ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಅದರ ಜೊತೆಗೆ ಪ್ರೊಸೆಸಿಂಗ್ ಶುಲ್ಕ ನಮ್ಮ ತಲೆಯ ಮೇಲೆ ಬರುತ್ತದೆ. ಅಂಗಡಿಯವರನ್ನು ಎರಡು ಪ್ರಶ್ನೆ ಕೇಳಿ: ಪೂರ್ತಿ ಹಣ ಈಗಲೇ ಕೊಟ್ಟರೆ ಎಷ್ಟು? ಕಂತುಗಳನ್ನೆಲ್ಲ ಕೂಡಿಸಿದರೆ ಎಷ್ಟು? ಎರಡನ್ನೂ ಚೀಟಿಯಲ್ಲಿ ಬರೆಸಿಕೊಂಡು ಮನೆಗೆ ಬನ್ನಿ, ಮರುದಿನ ತೀರ್ಮಾನಿಸಿ.

ಬಿಲ್ ನೋಡುವುದು, ದೂರು ಕೊಡುವುದು

ಕೌಂಟರ್ ಬಿಟ್ಟು ಹೋಗುವ ಮುಂಚೆ ಬಿಲ್ಲಿನಲ್ಲಿ ಮೂರು ಸಂಗತಿ ನೋಡಿ: ಒಂದೇ ಸಾಮಾನು ಎರಡು ಸಲ ಬಂದಿದೆಯೇ, ಕಪಾಟಿನ ಮೇಲೆ ಬರೆದಿದ್ದ ದರವೇ ಬಿಲ್ಲಿನಲ್ಲಿದೆಯೇ, ಕೇಳದೇ ಕೈಚೀಲದ ಹಣ ಸೇರಿದೆಯೇ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಬೆಲೆ. ಅದರ ಮೇಲೆ ಜಿಎಸ್‌ಟಿ ಎಂದೋ ತಣ್ಣಗೆ ಮಾಡಿದ ಖರ್ಚೆಂದೋ ಕೇಳುವಂತಿಲ್ಲ. ಸಿಹಿತಿಂಡಿ ಅಂಗಡಿಯಲ್ಲಿ ರಟ್ಟಿನ ಡಬ್ಬಿಯ ಸಮೇತ ತೂಗಿದರೆ ಖಾಲಿ ಡಬ್ಬಿಯನ್ನು ಮೊದಲು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಲು ಹೇಳಿ. ಕೆ.ಜಿ.ಗೆ 800 ರೂಪಾಯಿಯ ಸಿಹಿಯಲ್ಲಿ ಡಬ್ಬಿ 50 ಗ್ರಾಂ ತೂಗಿದರೆ ರಟ್ಟಿಗೆ 40 ರೂಪಾಯಿ ಕೊಟ್ಟಂತಾಯಿತು.

ಹೆಚ್ಚು ಬೆಲೆ ಅಥವಾ ಕಡಿಮೆ ತೂಕದ ದೂರನ್ನು ಕಾನೂನು ಮಾಪನಶಾಸ್ತ್ರ ಇಲಾಖೆಗೆ ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಕನ್ನಡದಲ್ಲೂ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ, ತೊಂದರೆಯಾದ ಎರಡು ವರ್ಷದೊಳಗೆ ಹೋಗಬೇಕು. ಎಲ್ಲಿ ಹೋದರೂ ಮೊದಲು ಕೇಳುವುದು ಬಿಲ್ಲನ್ನು. ಅಂಗಡಿಯ ನುಣುಪು ಕಾಗದದ ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಮಿಕ್ಸಿ, ಫ್ಯಾನು, ಚಪ್ಪಲಿ ಏನೇ ಇರಲಿ, ಗ್ಯಾರಂಟಿ ಇರುವ ಸಾಮಾನಿನ ಬಿಲ್ಲನ್ನು ಮನೆಗೆ ಬಂದ ದಿನವೇ ಫೋನಿನಲ್ಲಿ ಫೋಟೋ ತೆಗೆದು, ವಸ್ತುವಿನ ಹೆಸರು ಮತ್ತು ತಿಂಗಳು ಬರೆದು ಒಂದೇ ಫೋಲ್ಡರಿನಲ್ಲಿ ಇಡಿ. ಗ್ಯಾರಂಟಿ ಕಾರ್ಡಿನ ಮೇಲೆ ಅಂಗಡಿಯ ಮೊಹರು ಬಿದ್ದಿದೆಯೇ ಎಂದೂ ಅವತ್ತೇ ನೋಡಿಕೊಳ್ಳಿ. ಇಲ್ಲದಿದ್ದರೆ ಆ ವಾರದೊಳಗೆ ಹೋಗಿ ಹಾಕಿಸಿಕೊಂಡು ಬನ್ನಿ.